ಜಾಬದಾರ ಯಾರು?

ಬೆಳಿಗ್ಗೆ ಕೋರ್ಟಿನ ಕಪಾಟಿನ ಬೀಗ ತೆಗೆದ ಶಿರಸ್ತೇದಾರ ಅಬ್ದುಲ್‌ಸಾಬ ಹೌಹಾರಿದ. ಸಂಶಿಯ ಹೊಲದ ದಾವೆಯ ಕಡತ ಇತ್ತು. ಒಳಗಿನ ಹಳೆಯ ಮರಾಠಿ ತೀರ್ಪು ಮಾಯ!

ಸಂಸ್ಥಾನದ ಕಾಲದ ಮೋಡಿ ಲಿಪಿಯ ಬರಹ ಅದು. ವಿಧವೆ ಶಿವಗಂಗವ್ವ ತನ್ನ ಮಾವನ ಪೆಟ್ಟಿಗೆಯಿಂದ ತಂದು ಹಾಜರುಪಡಿಸಿದ್ದಳು. ಆ ಲಿಪಿ ಓದಬಲ್ಲವರು ಊರಿಗೆಲ್ಲ ಒಬ್ಬರೇ—ನಿವೃತ್ತ ಹೊಳೆಪ್ಪ ಮಾಸ್ತರು. ಸೋಮವಾರ ಅವರ ಕನ್ನಡ ಅನುವಾದ ಕೋರ್ಟಿನಲ್ಲಿ ಓದಿದಾಗ ಆಕೆ ಕುಸಿದು ಕೂತಿದ್ದಳು. 'ಹೊಲ ಪ್ರತಿವಾದಿಯ ವಶದಲ್ಲೇ ಇರತಕ್ಕದ್ದು' ಎಂದಿತ್ತು. ಆ ಹಳೆಯ ದಾವೆಯ ಪ್ರತಿವಾದಿ, ಈಗಿನ ಎದುರಾಳಿ ಮಡಿವಾಳೆಪ್ಪನ ಅಪ್ಪ.

"ನಮ್ಮ ಮಾವ ಸುಳ್ಳು ಹೇಳಾಂವಲ್ಲ. ಬ್ಯಾರೆದವರ ಕಡೆ ಓದಸ್ರಿ" ಎಂದು ಆಕೆ ಹಟ ಹಿಡಿದಿದ್ದಳು. ಧಾರವಾಡದಿಂದ ಇನ್ನೊಬ್ಬ ಅನುವಾದಕ ಈ ದಿನವೇ ಬರುವವನಿದ್ದ.

ನಿನ್ನೆ ಅಪ್ಪಣೆ ಪಡೆದು ಕಡತ ನೋಡಿದವರು ಮೂವರೇ—ಶಿವಗಂಗವ್ವ, ಮಡಿವಾಳೆಪ್ಪ, ಮಾಸ್ತರು. ಮೂವರನ್ನೂ ಕರೆಸಲಾಯಿತು.

"ಇದರಾಗ ಪತ್ತೆ ಮಾಡೂದೇನೈತ್ರಿ?" ಎಂದ ಹವಾಲ್ದಾರ. "ಕಾಗದ ಆಕಿ ವಿರುದ್ಧ ಐತಿ. ಆಕಿನ ಎಗರಿಸ್ಯಾಳ. ಹಟ ಎಲ್ಲಾ ನಾಟಕ."

"ನನ್ನ ಮಕ್ಕಳಾಣಿರೀ, ನಾ ಮುಟ್ಟಿಲ್ಲ!"

"ಮಡಿವಾಳೆಪ್ಪ, ನೀ?"

"ನಾ ಯಾಕ್ರಿ ಕದೀಲಿ? ಕಾಗದ ನನ್ನ ಪರ ಐತಲ್ಲ!"

ಹವಾಲ್ದಾರ ಶಿವಗಂಗವ್ವನನ್ನು ಠಾಣೆಗೆ ನಡೆ ಎಂದ. ಅಷ್ಟರಲ್ಲಿ ಮಾಸ್ತರು ಎದ್ದು ಅಡ್ಡ ನಿಂತರು. "ಆಕಿನ್ನ ಬಿಡ್ರಿ. ಆ ಕಾಗದ ಹೋದ್ರ ಮುಳುಗೂದು ಆಕೀನ. ತನ್ನ ಹೊಲಾ ತಾನ ಕಳಕೊಂತಾಳೇನು?"

ಹವಾಲ್ದಾರ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅಬ್ದುಲ್‌ಸಾಬ ಮಾತ್ರ ಮಾಸ್ತರತ್ತ ತಿರುಗಿದ. ತನಗೆ ಅಕ್ಷರ ತಿದ್ದಿಸಿದ ಗುರು. ಕೇಳಲೋ ಬೇಡವೋ? ಕೇಳದಿದ್ದರೆ ಒಬ್ಬ ಹೆಂಗಸು ಜೇಲಿಗೆ ಹೋಗುತ್ತಾಳೆ.

"ಮಾಸ್ತರ್ರ, ನಿಮ್ಮ ಅನುವಾದದ ಪ್ರಕಾರ ಹೊಲ ಮಡಿವಾಳೆಪ್ಪಂದು. ಹೌದಲ್ರಿ?"

"ಹೌದು."

"ಹಂಗಾರ ಕಾಗದ ಹೋದ್ರ ನಷ್ಟ ಮಡಿವಾಳೆಪ್ಪಗ. ಶಿವಗಂಗವ್ವಗ ನಷ್ಟ ಹ್ಯಾಂಗ? ಅದರಾಗ ಆಕಿ ಪರ ತೀರ್ಪೈತಿ ಅಂತ ನಿಮಗ ಯಾವಾಗ ಗೊತ್ತಾತ್ರಿ?"

ಮಾಸ್ತರು ಕೋಟನ್ನು ಎದೆಗೆ ಬಿಗಿಯಾಗಿ ಎಳೆದುಕೊಂಡರು.

"ಆ ಗುಟ್ಟು ಮೂಲ ಮತ್ತೊಮ್ಮಿ ಓದಿದವರಿಗಷ್ಟ ಗೊತ್ತು. ಇಲ್ಲಿ ಓದಾಕ ಬರೂದು ನಿಮಗೊಬ್ಬರಿಗೆ."

ಮಾಸ್ತರು ಕೋಟಿನ ಒಳಗಿನ ಕಿಸೆಗೆ ಕೈಹಾಕಿ, ಮಡಚಿದ ಕಾಗದವನ್ನು ಮೇಜಿನ ಮೇಲಿಟ್ಟರು.

"'ಜಾಬದಾರ' ಅಂತೈತಿ. ನಾ 'ಪ್ರತಿವಾದಿ' ಅಂತ ಬರದೆ. ಆದರ ಇದು ಅಪೀಲಿನ ತೀರ್ಪು, ಅಬ್ದುಲ್. ದಾವೆದಾಗ ಸೋತು ಅಪೀಲು ಹೋದಾಂವ ಮಡಿವಾಳೆಪ್ಪನ ಅಪ್ಪ. ಅಪೀಲಿನ್ಯಾಗ ಜಾಬು, ಅಂದ್ರ ಉತ್ತರ, ಕೊಡಬೇಕಾದಾಂವ, ಜಾಬದಾರ, ಈಕಿ ಮಾವ. ನಿನ್ನೆ ಮತ್ತ ಓದಿದಾಗ ತಿಳೀತು. ಧಾರವಾಡದಾಂವ ಬಂದು ಎಲ್ಲಾರ ಮುಂದ ನನ್ನ ತಪ್ಪು ಎತ್ತಿ ತೋರಸ್ತಾನಂತ ಹೆದರಿದೆ. ಸುಡಾಕ ಹೋದೆ. ಕೈ ಬರಲಿಲ್ಲ."

"ಹಂಗಾರ ಹೊಲಾ ನಂದ ಏನ್ರಿ?" ಶಿವಗಂಗವ್ವ ಮೇಜಿನ ಹತ್ತಿರ ಬಂದಳು.

"ನಿಂದ, ತಂಗಿ."

ಆಕೆ ಗೋಡೆಗೊರಗಿ ಅತ್ತಳು. ಮಾಸ್ತರ ಕಡೆ ತಿರುಗಿಯೂ ನೋಡಲಿಲ್ಲ.

ಹವಾಲ್ದಾರ ದೂರು ಬರೆಯುವ ಹಾಳೆ ಮುಂದಿಟ್ಟ. ಫಿರ್ಯಾದಿ—ಅಬ್ದುಲ್‌ಸಾಬ ತನ್ನ ಹೆಸರು ಬರೆದ. ಆರೋಪಿ—ಲೇಖನಿ ನಿಂತಿತು.

"ಬರಿಯಪ್ಪಾ," ಎಂದರು ಮಾಸ್ತರು ಮೆಲ್ಲಗೆ. "ಒಬ್ಬರ ಜಾಗಾದಾಗ ಇನ್ನೊಬ್ಬರನ್ನ ಬರದು ನಾ ಕೆಟ್ಟೆ. ನೀನರ ಸರಿಯಾಗಿ ಬರಿ."

ಅಬ್ದುಲ್‌ಸಾಬ ಬರೆದ.