ಒಂಟಿ ಬದನೆ ಮತ್ತು ಕಲ್ಲಾದ ಅವ್ವ

ಬಹಳ ಹಿಂದೆ ಹೊನ್ನಕೆರೆ ಎಂಬ ರಾಜ್ಯವಿತ್ತು. ಅಲ್ಲಿ ಗಿಡಗಳು ಮಾತಾಡುತ್ತಿದ್ದವು. ದ್ಯಾವಮ್ಮ ತನ್ನ ಹಿತ್ತಲಲ್ಲಿ ಒಂದೇ ಬೆಳೆ ಇಟ್ಟವಳಲ್ಲ. ಬದನೆಯ ಪಕ್ಕ ಚೆಂಡುಹೂ, ಬುಡದಲ್ಲಿ ಕುಂಬಳಬಳ್ಳಿ, ಅಂಚಿಗೆ ಜೋಳ. ಇದಕ್ಕೆ ಅಕ್ಕಡಿ ಎನ್ನುತ್ತಿದ್ದರು. ಮಾಂತ್ರಿಕ ಕರಿಗುಂಡನಿಗೆ ಈ ಗಿಜಿಗಿಜಿ ಕಂಡರೆ ಮೈಯೆಲ್ಲ ಉರಿ. ಒಂದು ತೋಟಕ್ಕೆ ಒಂದೇ ಬಗೆಯ ಗಿಡ ಎಂದು ಅವನ ಕಟ್ಟಳೆ. ದ್ಯಾವಮ್ಮ ಒಪ್ಪಲಿಲ್ಲ. ಅವನು ಕೋಲು ಬೀಸಿದ, ಅವಳು ಬಾವಿಕಟ್ಟೆಯ ಬಳಿ ಕಲ್ಲಾಗಿ ನಿಂತಳು.

ಮಗಳು ಪುಟ್ಟನಂಜಿ ಓಡಿಬಂದು ಅವನ ಕಾಲು ಹಿಡಿದಳು.

"ಈ ಬದನೆಗಿಡ ಮೂರು ದಿನ ಬದುಕಿ ಕಾಯಿ ಬಿಟ್ರೆ ನಿಮ್ಮವ್ವ ಏಳ್ತಾಳೆ. ನಾನು ಸೋತ್ರೆ ಈ ಹಿತ್ತಲಿಗೆ ಕಾವಲು ನಿಲ್ತೀನಿ, ಹೋಗು!" ಎಂದ. ಸೋಲುವುದೇ ಇಲ್ಲ ಎಂಬ ಕೊಬ್ಬು.

ಪುಟ್ಟನಂಜಿ ಏನು ಮಾಡಿದಳು ಗೊತ್ತೇ? ಬದನೆಗೇ ಎಲ್ಲ ಸಾರ ಸಿಗಲಿ ಎಂದು ಉಳಿದದ್ದನ್ನೆಲ್ಲ ಕಿತ್ತು ತಿಪ್ಪೆಗೆ ಎಸೆದಳು. ಅವ್ವನ ಮೇಲಿನ ಪ್ರೀತಿಯಲ್ಲೇ ಮಾಡಿದ ಎಡವಟ್ಟು.

ಮೊದಲ ದಿನ ಕರಿಗುಂಡ ಕಳಿಸಿದ ಕಬ್ಬಿಣದ ಹಲ್ಲಿನ ಹುಳುಗಳು ಬಂದವು. "ಒಂಟಿಯಾಗಿಬಿಟ್ಟೆ ಕಣೇ ನಂಜಿ," ಎಂದು ಬದನೆ ಅತ್ತಿತು. ಅವಳು ತಿಪ್ಪೆಯಿಂದ ಚೆಂಡುಹೂವಿನ ಗಿಡ ತಂದು ನೆಟ್ಟು, "ತಪ್ಪಾಯ್ತು ತಾಯಿ," ಎಂದು ಬಿಕ್ಕಿದಳು.

"ಮೊದ್ಲು ನೀರು ಹಾಕು, ಆಮೇಲೆ ಅಳು," ಎಂದಿತು ಚೆಂಡುಹೂ. ಅದರ ವಾಸನೆಗೆ ಹುಳುಗಳು ಸೀನುತ್ತ ಓಡಿದವು.

ಎರಡನೆಯ ದಿನ ಬೆಂಕಿ ಉಸಿರಾಡುವ ಗೂಳಿ ಬಂತು. ನಂಜಿ ಬಾಡಿದ ಕುಂಬಳಬಳ್ಳಿಯನ್ನು ಮತ್ತೆ ನೆಟ್ಟು ಕೈಮುಗಿದಳು. ಅದು ಅಗಲ ಎಲೆ ಹಾಸಿ ನೆಲದ ತೇವ ಕಾಯಿತು. ಗೂಳಿ ಊದಿ ಊದಿ ಸುಸ್ತಾಯಿತು.

ಮೂರನೆಯ ದಿನ ಬಿರುಗಾಳಿಯ ಹದ್ದು ಬಂತು. ಜೋಳದ ದಂಟು ಒಣಗಿಹೋಗಿತ್ತು. ತೆನೆಯ ಕಾಳುಗಳನ್ನೇ ಬಿತ್ತಿದಳು. ಒಂದು ಕೊಡ ನೀರು ಸೇದುವಷ್ಟರಲ್ಲಿ ಜೋಳ ಆಳೆತ್ತರ ಬೆಳೆದು ಗಾಳಿಗೆ ಅಡ್ಡ ನಿಂತಿತು.

ಸಂಜೆ ಪುಟ್ಟದೊಂದು ಬದನೆಕಾಯಿ ಕಂಡಿತು. ಕಲ್ಲು ಕೆಮ್ಮಿತು. "ನಿಂತು ನಿಂತು ಕಾಲು ಸೋತೋಯ್ತು ಕಣೇ!" ಎಂದಳು ದ್ಯಾವಮ್ಮ. ಕರಿಗುಂಡ ತನ್ನ ಮಾತಿನಂತೆಯೇ ಹಿತ್ತಲ ಕಾವಲಿಗೆ ಗಡಿಗೆತಲೆಯ ಬೆದರುಬೊಂಬೆಯಾಗಿ ನಿಂತಿದ್ದ.

ಸಂತೋಷದಲ್ಲಿ ಕಾಯಿ ಕೀಳಲು ಹೋದ ಮಗಳ ಕೈಯನ್ನು ತಾಯಿ ಹಿಡಿದಳು. "ಮೊದಲ್ನೇದು ಬೀಜಕ್ಕೆ ಬಿಡವ್ವ."

ಪುಟ್ಟನಂಜಿ ಒಂದೊಂದು ಗಿಡವನ್ನೂ ಮುಟ್ಟಿ, "ನಿಮ್ಮ ಉಪಕಾರ ಮರೆಯಲ್ಲ," ಎಂದಳು. ಕೊನೆಗೆ ಬೊಂಬೆಯ ಮುಂದೆಯೂ ನಿಂತಳು. "ನಿನ್ನಿಂದ್ಲೂ ಉಪಕಾರ ಆಯ್ತು ಕಣಪ್ಪ. ನೀನು ಬರದಿದ್ರೆ ಇವರ ಬೆಲೆ ನಂಗೆ ತಿಳೀತಿರ್ಲಿಲ್ಲ." ಅವನ ತಲೆಯ ಮೇಲೆ ಕಾಗೆ ಕೂತಿತ್ತು.

ಆ ಕಾಯಿ ಹಣ್ಣಾದಾಗ ಬೀಜ ಮನೆಮನೆಗೂ ಹೋಯಿತು, ಪ್ರತಿ ಪೊಟ್ಟಣದಲ್ಲೂ ಜೊತೆಗೊಂದು ಚಿಟಿಕೆ ಚೆಂಡುಹೂವಿನ ಬೀಜ. ಹೊನ್ನಕೆರೆಯವರು ಸುಖವಾಗಿದ್ದರು. ಅಲ್ಲಿ ಮತ್ತೆ ಯಾವ ಗಿಡವೂ ಒಂಟಿಯಾಗಿ ಅಳಲಿಲ್ಲ.