ಬೇಲಿಯ ಕಿಂಡಿಗೆ ಇನ್ನೂರು ವರ್ಷ

ಇದು ನಡೆದದ್ದೇ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ನಾನು ನೆಟ್ಟ ಕಡ್ಡಿಯೆಲ್ಲ ಕಡ್ಡಿಯಾಗಿಯೇ ಉಳಿಯಲಿ. ನಗು ಬಂದರೆ ನಗಿ, ಆದರೆ ಮಧ್ಯದಲ್ಲಿ ಎದ್ದು ಹೋಗಬೇಡಿ.

ನಾನು ಈ ಮ್ಯೂಸಿಯಂ ತೋಟದ ಮಾಲಿ. ಮುಂದಿರುವ ಹಳೇ ಬಂಗಲೆಯ ತುಂಬ ಚಿತ್ರಗಳು, ಅದರ ಹಿಂದೆ ನನ್ನ ಗಿಡಗಳು. ಆವತ್ತು ಬೆಳಗ್ಗೆ ಹಸಿರು ಬೇಲಿಯನ್ನು ಕತ್ತರಿಸುತ್ತಿದ್ದೆ. ಆಳೆತ್ತರದ ಬೇಲಿ, ಗೋಡೆಯಷ್ಟು ದಟ್ಟ. ನಡುವೆ ಮಾತ್ರ ಒಂದು ದುಂಡನೆಯ ಕಿಂಡಿ. ಅದರ ಅಂಚು ಸರಿಮಾಡೋಣ ಎಂದು ಒಳಗೆ ತಲೆ ಹಾಕಿದೆ ನೋಡಿ, ಆ ಕಡೆಯಿಂದ ಇನ್ನೊಂದು ತಲೆ ಬಂತು.

ಇಬ್ಬರ ಮೂಗಿನ ನಡುವೆ ಒಂದು ಗೇಣು ಜಾಗ. ಕನ್ನಡಕ. ಹಣೆಗೆ ಅಂಟಿದ ಒಂದೆಳೆ ಕೂದಲು. ಕಿವಿಯ ಹಿಂದೆ ಸಿಕ್ಕಿಸಿದ ಹಸಿರು ಪೆನ್ನು. ನನ್ನ ಕೈಯಿಂದ ಕತ್ತರಿ ಜಾರಿ ಬಿತ್ತು. ಬಾಯಿ ಎಷ್ಟು ಅಗಲ ತೆರೆದಿತ್ತೆಂದರೆ ಒಂದು ಗುಬ್ಬಿ ಬಂದು ಒಳಗೆ ಇಣುಕಿ, ಗೂಡಿಗೆ ಸಾಲದು ಎಂದು ವಾಪಸ್ಸು ಹೋಯಿತು.

ಅವಳು ಬೆಚ್ಚಲಿಲ್ಲ. ಒಮ್ಮೆ ಕಣ್ಣು ಮಿಟುಕಿಸಿ ಕೇಳಿದಳು.

“ಈ ಕಿಂಡಿ ಯಾವ ಕಾಲದ್ದು?”

“ನೀವು ಯಾವ ಕಡೆಯವರು?”

“ಟಿವಿಯವಳು. ಈ ಬಂಗಲೆ, ತೋಟದ ಮೇಲೆ ಡಾಕ್ಯುಮೆಂಟರಿ ಮಾಡ್ತಿದೀವಿ. ಸ್ಕ್ರಿಪ್ಟಲ್ಲಿ ಬರೋ ಪ್ರತಿಯೊಂದು ಮಾತೂ ನಿಜಾನಾ ಅಂತ ನೋಡೋದು ನನ್ನ ಕೆಲಸ. ನಿಮ್ಮ ಹತ್ರ ನಾಲ್ಕೇ ಪ್ರಶ್ನೆ. ಹತ್ತು ನಿಮಿಷ ಸಾಕು.”

ಹತ್ತು ನಿಮಿಷ! ಆ ಮಾತು ನನ್ನನ್ನು ಕೆಡಿಸಿತು.

ನಿಜ ಹೇಳುವುದಾದರೆ ಒಂದು ನಿಮಿಷವೂ ಬೇಕಿರಲಿಲ್ಲ. ಹಿಂದಿನ ವರ್ಷ ನಾನು ಏಣಿಯಿಂದ ಜಾರಿ ಬೇಲಿಯ ನಡುವೆ ನುಗ್ಗಿ ಆ ಕಡೆ ಬಿದ್ದಿದ್ದೆ. ಆದ ತೂತು ಥೇಟ್ ನನ್ನದೇ ಆಕಾರದಲ್ಲಿತ್ತು, ಕಿವಿ ಸಮೇತ. ಬೈಗುಳ ತಪ್ಪಿಸಿಕೊಳ್ಳಲು ಅದನ್ನು ದುಂಡಗೆ ಕತ್ತರಿಸಿ ಅಲಂಕಾರ ಮಾಡಿದ್ದೆ. ಬೇಲಿಯನ್ನು ನೆಟ್ಟವರು ನನಗಿಂತ ಮುಂಚೆ ಇಲ್ಲಿ ಮಾಲಿಯಾಗಿದ್ದ ನನ್ನ ಸೋದರಮಾವ. ಅದಕ್ಕೆ ಬರೀ ಹದಿನಾರು ವರ್ಷ.

ಆದರೆ ಆ ಕನ್ನಡಕದ ಹಿಂದಿನ ಕಣ್ಣು ನನ್ನನ್ನೇ ನೋಡುತ್ತಿತ್ತು.

“ಇನ್ನೂರು ವರ್ಷ ಆಯ್ತು ಮೇಡಂ,” ಎಂದಿತು ನನ್ನ ಬಾಯಿ. “ಮೇಲಿನ ಕೋಣೆಯಲ್ಲಿ ಚಿತ್ರ ಬರೆಯೋ ಹುಡುಗಿ. ಕೆಳಗೆ ಒಬ್ಬ ಮಾಲಿ. ಅವಳಪ್ಪ ಮಧ್ಯೆ ಬೇಲಿ ಹಾಕಿಸಿಬಿಟ್ಟ. ಇವನು ಅವಳ ಮುಖ ನೋಡ್ಬೇಕು ಅಂತ ದಿನಕ್ಕೊಂದು ಎಲೆ ಕಿತ್ತ.”

ಅವಳ ಪೆನ್ನು ನಿಂತಿತು. “ಒಂದೇ ಎಲೆ?”

“ಒಂದೇ. ಜಾಸ್ತಿ ಕಿತ್ರೆ ಅಪ್ಪನಿಗೆ ಗೊತ್ತಾಗಲ್ವಾ?”

“ಆಮೇಲೆ?”

“ಅದು ದೊಡ್ಡ ಕಥೆ. ನಾಳೆ ಬನ್ನಿ.”

ನಾಳೆ ಬಂದಳು. ನಾಡಿದ್ದೂ ಬಂದಳು. ನನ್ನ ಬಕೆಟ್ಟನ್ನು ಬೋರಲು ಹಾಕಿ ಕೂತು, ಫೈಲನ್ನು ಮೊಣಕಾಲ ಮೇಲಿಟ್ಟು, ಬಿಸ್ಕತ್ತನ್ನು ಅಳಿಲಿನ ಹಾಗೆ ಸುತ್ತಲಿಂದ ಕಡಿಯುತ್ತ ಕೇಳುವಳು. ಯೂನಿಟ್‌ನವರು ಅವಳನ್ನು ಟಿಕ್ ಮೇಡಂ ಎನ್ನುತ್ತಿದ್ದರು. ಯಾವುದೇ ಮಾತನ್ನು ಇಬ್ಬರು ಬೇರೆಬೇರೆಯಾಗಿ ಹೇಳಿದರೆ ಮಾತ್ರ ಅದರ ಪಕ್ಕ ಹಸಿರು ಟಿಕ್ ಬೀಳುತ್ತಿತ್ತು. ಟಿಕ್ ಬಿದ್ದ ಪುಟಕ್ಕೆ ಅವಳ ಸಹಿ.

“ಒಂದು ಬಾಯಿ ಸಾಲಲ್ವಾ ಮೇಡಂ?” ಎಂದೆ ಒಂದು ದಿನ.

“ನಿಮ್ಮ ಬಾಯಾ? ಅದು ಒಂದೂವರೆ ಬಾಯಿ. ಆದ್ರೂ ಸಾಲಲ್ಲ,” ಎಂದು ನಕ್ಕಳು. ನಗುವಾಗ ಮೊದಲು ಎಡಗೆನ್ನೆ ಒಪ್ಪುತ್ತದೆ, ಬಲಗೆನ್ನೆ ಸ್ವಲ್ಪ ಯೋಚಿಸಿ ಒಪ್ಪುತ್ತದೆ. ಆಮೇಲೆ ಮೆತ್ತಗೆ ಹೇಳಿದಳು, “ತಮಾಷೆಗೆ ಹೇಳ್ತಿಲ್ಲ. ನನ್ನ ಸಹಿ ಹಾಕಿದ್ದರಲ್ಲಿ ಒಂದು ಸುಳ್ಳು ಟಿವಿಗೆ ಹೋದ್ರೂ ನನ್ನ ಕೆಲಸ ಹೋಯ್ತು ಅಂತ್ಲೇ ಲೆಕ್ಕ. ನಂಗೆ ಬರೋದು ಇದೊಂದೇ ಕೆಲಸ.”

ನಾನು ಹೆದರಲಿಲ್ಲ. ನನ್ನ ಬುರುಡೆಗೆ ಎರಡನೇ ಬಾಯಿ ಭೂಮಿಯ ಮೇಲೆ ಎಲ್ಲಿ ಸಿಗಬೇಕು? ಟಿಕ್ ಬೀಳುವುದಿಲ್ಲ, ಕಥೆ ಈ ಬಕೆಟ್ ದಾಟಿ ಹೋಗುವುದಿಲ್ಲ ಎಂದು ನಿಶ್ಚಿಂತೆಯಾಗಿದ್ದೆ. ಹನ್ನೊಂದು ದಿನ ಕಥೆ ಎಳೆದೆ. ಹನ್ನೊಂದನೇ ದಿನ ಅವಳ ಕೂದಲಲ್ಲಿ ಸಿಕ್ಕಿದ್ದ ಒಂದು ಎಲೆಯನ್ನು ತೆಗೆದೆ. ಅವಳು ನೆಲ ನೋಡುತ್ತ ಕೇಳಿದಳು, “ಇವತ್ತಿನ ಕೋಟಾ ಮುಗೀತಾ?” ಆ ರಾತ್ರಿ ನನಗೆ ನಿದ್ದೆ ಬಂದಿದ್ದರೆ ಕೇಳಿ.

ಗುರುವಾರ ಮಧ್ಯಾಹ್ನ ಮ್ಯೂಸಿಯಂ ಹಾಲ್‌ನಲ್ಲಿ ನಮಗೆಲ್ಲ ಡಾಕ್ಯುಮೆಂಟರಿ ತೋರಿಸಿದರು. ಭಾನುವಾರ ಪ್ರಸಾರ. ಮೊದಲು ಬಂಗಲೆ, ಆಮೇಲೆ ಚಿತ್ರಗಳು, ಆಮೇಲೆ ನನ್ನ ಗುಲಾಬಿ. ಬೀಗುತ್ತ ಕೂತಿದ್ದೆ. ಅಷ್ಟರಲ್ಲಿ ಆ್ಯಂಕರ್ ಬೇಲಿಯ ಕಿಂಡಿಯ ಮುಂದೆ ಬಂದು ನಿಂತು, ಗದ್ಗದ ದನಿಯಲ್ಲಿ ಅಂದ: “ದಿನಕ್ಕೆ ಒಂದೇ ಒಂದು ಎಲೆ...”

ಹಾಲ್ ಒಮ್ಮೆ ಗಿರ್ರನೆ ತಿರುಗಿತು. ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡೆ. ಯಾರು? ಇದಕ್ಕೆ ಹೂಂ ಅಂದವರು ಯಾರು?

ಪರದೆಯ ಮೇಲೆ, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು, ನನ್ನ ಸೋದರಮಾವ.

“ನಮ್ಮ ಹಿರಿಯರು ಹೇಳ್ತಿದ್ರು,” ಎಂದರು ಮಾವ, ಕಣ್ಣೊರೆಸಿಕೊಳ್ಳುತ್ತ. “ಆ ಹುಡುಗಿ ಹತ್ರ ಒಂದು ಗಿಳಿ ಇತ್ತು. ಕಿಂಡಿಯಿಂದ ಚೀಟಿ ತಗೊಂಡು ಹೋಗ್ತಿತ್ತು.”

ಸುತ್ತ ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದಾರೆ. ಮುಂದಿನ ಸಾಲಿನಿಂದ ಅವಳು ತಿರುಗಿ ನನ್ನನ್ನು ನೋಡಿದಳು. ಎರಡೂ ಕೆನ್ನೆ ಒಟ್ಟಿಗೇ ಒಪ್ಪಿದ್ದವು. ನನಗೆ ಅಲ್ಲೇ ಭೂಮಿ ಬಿರಿದು ನುಂಗಬಾರದೇ ಅನ್ನಿಸಿತು.

ಮಾವನ ಮನೆಗೆ ಒಂದೇ ಉಸಿರಿಗೆ ಓಡಿದೆ.

“ಮಾವಾ! ಏನ್ ಕೆಲಸ ಮಾಡಿಬಿಟ್ರಿ!”

“ಏನೋ ಮಾಡ್ದೆ? ಮ್ಯೂಸಿಯಂನವರು ಅಡ್ರೆಸ್ ಕೊಟ್ರು ಅಂತ ಆ ಹುಡುಗಿ ಬಂತು. ಈಗಿನ ಮಾಲಿ ಹೀಗ್ ಹೇಳ್ತಾರೆ, ನಿಜಾನಾ ಅಂತ ಕೇಳ್ತು. ನಿನ್ನ ಮಾತು ಎತ್ತಿದಾಗ ಅವಳ ಮುಖ ನೋಡ್ಬೇಕಿತ್ತು ನೀನು! ನಿನಗೂ ಮೂವತ್ತಮೂರು ಆಯ್ತು. ಸುಳ್ಳು ಅಂದು ಇರೋ ಒಂದು ಸಂಬಂಧಾನೂ ಕೆಡಿಸ್ಲಾ?”

“ಅದೇನೋ ಸರಿ, ಗಿಳಿ ಯಾಕೆ ಸೇರಿಸಿದ್ರಿ?”

“ಯಾಕೋ, ನೀನೊಬ್ನೇನಾ ಕಥೆ ಕಟ್ಟೋನು? ಸುಮ್ನಿರು. ಇನ್ನೂರು ವರ್ಷದ ಹಿಂದಿಂದು ಯಾರು ಬಂದು ಕೇಳ್ತಾರೆ?”

ಯಾರಾದರೂ ಕೇಳುತ್ತಾರೆ. ಗಿಡ ಬಲ್ಲ ಒಬ್ಬನೇ ಒಬ್ಬ ನೋಡಿದರೂ ಸಾಕು. ಇನ್ನೂರು ವರ್ಷದ ಬೇಲಿಗೆ ನನ್ನ ಮಣಿಕಟ್ಟಿನಷ್ಟು ಸಣ್ಣ ಕಾಂಡ ಇರುತ್ತದೆಯೇ? ಅವನು ಒಂದು ಪತ್ರ ಬರೆದರೆ ಮುಗಿಯಿತು. ಮೊದಲು ನೋಡುವುದು ಆ ಪುಟದ ಸಹಿಯನ್ನು. ನಿಜ ಹೇಳಿದರೆ ಅವಳು ನನ್ನನ್ನು ಬಿಡುತ್ತಾಳೆ. ಹೇಳದಿದ್ದರೆ ಅವಳ ಕೆಲಸ ಅವಳನ್ನು ಬಿಡುತ್ತದೆ.

ಶುಕ್ರವಾರ ಬೆಳಗ್ಗೆ ಮಣ್ಣಿನ ಬೂಟಿನಲ್ಲೇ ಟಿವಿ ಆಫೀಸಿಗೆ ಹೋದೆ. ಎಡಿಟಿಂಗ್ ರೂಮಿನಲ್ಲಿ ಅವಳೊಬ್ಬಳೇ ಇದ್ದಳು. ನನ್ನನ್ನು ಕಂಡು ಎದ್ದೇ ನಿಂತಳು. “ಅರೇ, ನೀವು! ಬನ್ನಿ, ಕೂತ್ಕೊಳ್ಳಿ!” ಎಂದು ತನ್ನ ಕುರ್ಚಿಯನ್ನೇ ತಳ್ಳಿದಳು. ನಾನು ಕೂರಲಿಲ್ಲ.

“ಮೇಡಂ, ಆ ಕಿಂಡಿ ಮಾಡಿದ್ದು ನಾನು. ಏಣಿಯಿಂದ ಬಿದ್ದು.”

ಅವಳು ನಕ್ಕಳು. ನಾನು ನಗಲಿಲ್ಲ. ಅವಳ ನಗು ತಡವರಿಸಿತು.

“ಬೇಲಿ?”

“ಹದಿನಾರು ವರ್ಷ.”

“ಆ ಹುಡುಗಿ?”

“ಇಲ್ಲ.”

“ಅವನು?”

“ಅವನೂ ಇಲ್ಲ.”

“ಗಿಳಿ?”

“ಅದು ಮಾವಂದು.”

“ಯಾವ ಮಾವ?”

ಹೇಳಿದೆ. ಅವಳ ಕೈಯಲ್ಲಿದ್ದ ಪೆನ್ನು ನೆಲಕ್ಕೆ ಬಿದ್ದು ಉರುಳಿ ಗೋಡೆಗೆ ಹೋಗಿ ನಿಂತಿತು. ಮುಖ ಬಿಳಿಚಿ ಕಾಗದದಂತಾಗಿತ್ತು.

“ಅವರು ನಿಮ್ಮ ಮಾವಾನಾ? ನಾನು ಒಂದೇ ಮನೆಯ ಎರಡು ಬಾಯಿ ಕೇಳಿ ಟಿಕ್ ಹಾಕಿದ್ನಾ?” ದನಿ ಒಡೆಯಿತು. “ಯಾಕೆ ಹೀಗ್ ಮಾಡಿದ್ರಿ? ನಾನೇನ್ ಮಾಡಿದ್ದೆ ನಿಮಗೆ?”

“ನಾಲ್ಕೇ ಪ್ರಶ್ನೆ ಅಂದ್ರಿ ಮೇಡಂ. ಹತ್ತು ನಿಮಿಷ ಅಂದ್ರಿ.” ಬಣ್ಣ ಹಚ್ಚದೆ ಅಷ್ಟೇ ಹೇಳಿದೆ. ಜೀವಮಾನದಲ್ಲಿ ಮೊದಲ ಸಲ.

ಅವಳ ಕಿವಿ ನಿಧಾನಕ್ಕೆ ಕೆಂಪಗಾಯಿತು. ಕೋಪಕ್ಕೋ, ಇನ್ನೇತಕ್ಕೋ ಗೊತ್ತಾಗಲಿಲ್ಲ. “ಹೊರಗೆ ಕೂತ್ಕೊಳ್ಳಿ,” ಎಂದಳು.

ಗಾಜಿನ ಬಾಗಿಲಿನಿಂದ ನೋಡಿದೆ. ಫೈಲ್ ತೆರೆದು ತನ್ನ ಟಿಕ್ಕನ್ನು ತಾನೇ ಹೊಡೆದು ಹಾಕಿ, ಪಕ್ಕದಲ್ಲಿ ಮತ್ತೆ ಸಹಿ ಮಾಡಿದಳು. ಡೈರೆಕ್ಟರ್‌ನನ್ನು ಕರೆಸಿದಳು. ಅವನ ಕೂಗಿಗೆ ಗಾಜು ನಡುಗಿತು.

“ಐದು ನಿಮಿಷ ಖಾಲಿ ಆಗುತ್ತಲ್ರೀ! ನಾಡಿದ್ದು ಪ್ರಸಾರ! ಯಾರಿಗ್ ಗೊತ್ತಾಗುತ್ತೆ, ಬಿಡ್ರೀ!”

“ನನಗೆ ಗೊತ್ತಲ್ಲ ಸರ್. ತಪ್ಪು ನಂದು, ಪತ್ರ ಬರೆದು ಕೊಡ್ತೀನಿ. ಅದು ಮಾತ್ರ ಹೋಗಲ್ಲ.”

ಡೈರೆಕ್ಟರ್ ಹೊರಗೆ ಬಂದು ನನ್ನ ಬೂಟಿನಿಂದ ತಲೆಯವರೆಗೂ ನೋಡಿದ. “ನೀನೇ ಏನಯ್ಯಾ ಆ ಪುಣ್ಯಾತ್ಮ? ನಾಳೆ ಅದೇ ಬೇಲಿ ಮುಂದೆ ನಿಂತು, ನಡೆದಿದ್ದು ನಡೆದ ಹಾಗೆ ಹೇಳು. ಖಾಲಿ ಮಾಡಿದೋನೇ ತುಂಬಿಸು!”

ಶನಿವಾರ ಕ್ಯಾಮೆರಾ ಮುಂದೆ ನಿಂತೆ. ಅವಳು ಕ್ಯಾಮೆರಾ ಪಕ್ಕದಲ್ಲಿ, ಫೈಲನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಬೆಳಗ್ಗೆಯಿಂದ ನನ್ನ ಕಡೆ ಒಮ್ಮೆಯೂ ನೋಡಿರಲಿಲ್ಲ. ಏಣಿ, ಬಿದ್ದದ್ದು, ಕಿವಿಯ ಆಕಾರ ಎಲ್ಲ ಹೇಳಿದೆ. ಲೈಟ್ ಹಿಡಿದವರು ನಕ್ಕು ನಕ್ಕು ಬೆಳಕೇ ಅಲುಗಾಡಿತು.

“ಸರಿ, ಸುಳ್ಳು ಯಾಕೆ ಹೇಳಿದೆ?” ಎಂದ ಡೈರೆಕ್ಟರ್.

ನಗು ನಿಂತಿತು. ನಾನು ಕ್ಯಾಮೆರಾ ಬಿಟ್ಟು ಅವಳನ್ನು ನೋಡಿದೆ.

“ಒಬ್ಬರು ನಾಳೆನೂ ಬರಲಿ ಅಂತ. ಅವರು ಬರದಿದ್ರೆ ನಂಗೆ ಆ ದಿನ ಬೆಳಗಾದ ಹಾಗೇ ಆಗ್ತಿರ್ಲಿಲ್ಲ.”

ಡೈರೆಕ್ಟರ್ ಅವಳ ಕಡೆ ತಿರುಗಿದ. “ಟಿಕ್ ಮೇಡಂ, ಇದನ್ನ ಹಾಕ್ಬಹುದಾ?”

ಅವಳು ಫೈಲ್ ತೆರೆದಳು. “ಇದಕ್ಕೂ ಇನ್ನೊಂದು ಬಾಯಿ ಬೇಕು.”

“ನಾನ್ ಹೇಳ್ತೀನಿ!” ಎಂದು ಶೂಟಿಂಗ್ ನೋಡಲು ಬಂದಿದ್ದ ಮಾವ ಹಿಂದಿನಿಂದ ಕೈ ಎತ್ತಿದರು.

“ನೀವು ಸುಮ್ನಿರಿ!” ಎಂದಿತು ಇಡೀ ಯೂನಿಟ್.

ಅವಳು ತಲೆ ಎತ್ತದೆ, ಓದುವವಳಂತೆ ಹೇಳಿದಳು: “ನನ್ನ ಹತ್ರ ಇದ್ದಿದ್ದು ನಾಲ್ಕು ಪ್ರಶ್ನೆ. ನಾಲ್ಕಕ್ಕೂ ಮೊದಲನೇ ದಿನಾನೇ ಉತ್ತರ ಬರೆದುಕೊಂಡಿದ್ದೆ. ಆಮೇಲೆ ಹತ್ತು ದಿನ ಬಂದೆ. ಆ ಹತ್ತು ದಿನದ ಪುಟದಲ್ಲಿ ಒಂದೇ ಒಂದು ಪ್ರಶ್ನೆನೂ ಇಲ್ಲ.” ಪೆನ್ನು ತೆಗೆದು ಟಿಕ್ ಹಾಕಿದಳು. “ನಿಜ. ಹಾಕ್ಕೊಳ್ಳಿ ಸರ್.”

ಹೂವಿನ ಪಾತಿಯಲ್ಲೇ ಕೂತುಬಿಟ್ಟೆ. ಮಾವ ಜೋರಾಗಿ ಅತ್ತರು, ಈ ಸಲ ನಿಜವಾಗಿ.

ಎಲ್ಲ ಸಾಮಾನು ಕಟ್ಟುವಾಗ ಅವಳು ನಲ್ಲಿಯ ಹತ್ತಿರ ಬಂದಳು. ನಾನು ಕೈ ತೊಳೆಯುತ್ತಲೇ ಇದ್ದೆ. ಮಣ್ಣು ಹೋಗಿ ಎಷ್ಟೋ ಹೊತ್ತಾಗಿತ್ತು.

“ನನ್ನ ಕೆಲಸ ಹೋಗಿದ್ರೆ ಏನ್ ಮಾಡ್ತಿದ್ರಿ?”

“ನಾನೂ ಬಿಟ್ಟುಬಿಡ್ತಿದ್ದೆ.”

“ಸುಳ್ಳು.”

“ಹೂಂ, ಸುಳ್ಳು. ಗಿಡ ಬಿಟ್ಟು ನಂಗೆ ಬದುಕೋಕೆ ಬರಲ್ಲ. ಆದ್ರೆ ದಿನಾ ಸಂಜೆ ನಿಮ್ಮನೆ ಮುಂದೆ ಬಂದು ನಿಂತು ಬೈಸ್ಕೊಳ್ತಿದ್ದೆ.”

“ಕೋಪ ಇನ್ನೂ ಇದೆ,” ಎಂದಳು. “ಅದಕ್ಕೆ ನಾಳೆಯಿಂದಾನೇ ಬನ್ನಿ.” ಎಡಗೆನ್ನೆ ಒಪ್ಪಿತು. ಬಲಗೆನ್ನೆಗಾಗಿ ನಾನು ಉಸಿರು ಹಿಡಿದು ಕಾದೆ. ಅದೂ ಒಪ್ಪಿತು.

ಆಫೀಸಿನವರು ಸುಮ್ಮನೆ ಬಿಡಲಿಲ್ಲ. ತಪ್ಪನ್ನು ತಾನಾಗಿಯೇ ಹೇಳಿದಳೆಂದು ಅವಳ ಕೆಲಸ ಉಳಿಸಿದರು, ಆದರೆ ಇತಿಹಾಸದ ಕಾರ್ಯಕ್ರಮಗಳಿಂದ ಒಂದು ವರ್ಷದ ಮಟ್ಟಿಗೆ ತೆಗೆದು ತೋಟಗಾರಿಕೆ ಕಾರ್ಯಕ್ರಮಕ್ಕೆ ಹಾಕಿದರು. ಶಿಕ್ಷೆಯಂತೆ! ಆ ಕಾಗದ ನೋಡಿ ನಾನು ಬೆರಗಾಗಿ ಮೂರು ಸಲ ಓದಿಸಿ ಕೇಳಿದೆ. ನಾಲ್ಕು ತಿಂಗಳು ಬೈಸಿಕೊಂಡೆ, ಐದನೆಯ ತಿಂಗಳು ಮದುವೆಯಾದೆವು. ವರ್ಷ ಮುಗಿದರೂ ಅವಳು ತೋಟ ಬಿಟ್ಟು ಹೋಗಲು ಒಪ್ಪಲಿಲ್ಲ.

ಇವತ್ತೂ ನಾಲ್ಕು ಗಂಟೆಗೆ ಕ್ಯಾಮೆರಾ ಜೊತೆ ಬರುತ್ತಾಳೆ. ಅಷ್ಟರಲ್ಲಿ ಈ ಒಂಬತ್ತು ಕುಂಡಗಳು ಬಂಗಲೆಯ ಆ ಮಗ್ಗುಲಿಗೆ ಹೋಗಬೇಕು. ಗಟ್ಟಿ ತೋಳಿನವರು ಯಾರಾದರೂ ಈ ಕಡೆ ಬರಲಿ ಎಂದು ಬೆಳಗ್ಗೆಯಿಂದ ಕಾಯುತ್ತಿದ್ದೆ, ನೀವು ಬಂದಿರಿ. ಏಳಿ, ಆ ದೊಡ್ಡದನ್ನು ಮೊದಲು ಎತ್ತಿ, ಬುಡ ಹಿಡಿದುಕೊಳ್ಳಿ. ಯಾರು ಸಾಗಿಸಿದ್ದು ಎಂದು ಅವಳು ಕೇಳಿದರೆ, ಎಲ್ಲವನ್ನೂ ನಾನೊಬ್ಬನೇ ಹೊತ್ತೆ ಎಂದು ಹೇಳಿ.