ಕೊರಳಲ್ಲಿ ಲಿಂಗವಿರಲಿಲ್ಲ

ಕಮಲಾಕ್ಷಮ್ಮ ಶವದ ಒದ್ದೆ ಕಾಲರಿನೊಳಗೆ ಕೈ ತೂರಿಸಿ ಹುಡುಕುತ್ತಿದ್ದರು. ಕಾನ್‌ಸ್ಟೇಬಲ್ ಮುಟ್ಟಬೇಡಿ ಎಂದರೂ ಕೇಳಲಿಲ್ಲ. ಕತ್ತಿನ ಹಿಂದೆ, ಎದೆಯ ಮೇಲೆ, ಕಂಕುಳಿನವರೆಗೂ ಬೆರಳಾಡಿಸಿದರು.

"ಚಿನ್ನದ ಸರ ಇದೆಯಲ್ಲಮ್ಮ, ಉಂಗುರಾನೂ ಇದೆ," ಎಂದರು ಇನ್‌ಸ್ಪೆಕ್ಟರ್ ವೆಂಕಟಗಿರಿ.

"ಅದು ಯಾರಿಗೆ ಬೇಕ್ರೀ? ಲಿಂಗ ಎಲ್ಲಿ?"

ಭಾನುವಾರ, ಬೆಳಗಿನ ಎಂಟೂವರೆ. ಕೆಂಗೇರಿಯಾಚೆ, ಸಿದ್ಧನಗುಡ್ಡದ ಕೆರೆ. ಗುಡ್ಡದ ಇಳಿಜಾರಿನ ಮರಗಳ ನಡುವೆ ಬಣ್ಣಬಣ್ಣದ ಟೆಂಟುಗಳು, ದಡದಲ್ಲಿ ಬೋರಲು ಹಾಕಿದ ದೋಣಿಗಳು. ಸತ್ತವನು ಆಕೆಯ ಕಿರಿಮಗ ಚನ್ನವೀರೇಶ್. ಹಿಂದಿನ ಸಂಜೆ ಅಣ್ಣ ಮಹದೇವನ ಜೊತೆ ಬಂದು ಇಲ್ಲಿ ತಂಗಿದ್ದ. ಬೆಳಗ್ಗೆ ಎದ್ದಾಗ ಟೆಂಟಿನಲ್ಲಿ ತಮ್ಮನಿರಲಿಲ್ಲ, ಹುಡುಕಿದಾಗ ನೀರಿನಲ್ಲಿ ತೇಲುತ್ತಿದ್ದ ಎಂದು ಮಹದೇವ ಹೇಳಿಕೆ ಕೊಟ್ಟಿದ್ದ. ಚಂದ್ರಾ ಲೇಔಟಿನ ಮನೆಯಿಂದ ತಾಯಿಯನ್ನು ಕರೆಸಿದವನೂ ಅವನೇ. ಈಜಲು ಇಳಿದು ಆಕಸ್ಮಿಕವಾಗಿ ಮುಳುಗಿದ್ದಾನೆಂದು ದೂರು ಬರೆದು, ತಾಯಿಯ ಸಹಿಗೆ ಪೆನ್ನು ಹಿಡಿದು ನಿಂತಿದ್ದ.

"ನಾನು ಹಾಕಲ್ಲ."

"ಅವ್ವ, ನೀರಲ್ಲಿ ಕಳಚಿ ಬಿದ್ದಿರ್ಬೇಕು."

"ಸ್ನಾನಕ್ಕೂ ತೆಗೆಯೋನಲ್ಲ. ಗಂಟು ಹಾಕಿದ್ದು ನಾನು. ಸರ ಉಳಿದು ಲಿಂಗ ಮಾತ್ರ ಕಳಚುತ್ತಾ? ಯಾರೋ ತೆಗೆದಿದಾರೆ." ಆಕೆ ವೆಂಕಟಗಿರಿಯತ್ತ ತಿರುಗಿದರು. "ಅದನ್ನ ಅವನ ಕೈಯಲ್ಲಿಟ್ಟೇ ಮಣ್ಣು ಮಾಡ್ಬೇಕು. ಸಿಗೋತನಕ ನಾನು ಹೆಣ ತಗೊಳ್ಳಲ್ಲ. ಹಂಗೇ ಬರ್ಕೊಳ್ಳಿ."

ಹೆಡ್ ಕಾನ್‌ಸ್ಟೇಬಲ್ ಭುವನೇಶ್ವರಿ ಹಾಗೆಯೇ ಬರೆದುಕೊಂಡರು. ಸ್ಥಳ ಪಂಚನಾಮೆ ಮುಗಿಯಿತು. ಟೆಂಟಿನ ಚೀಲ, ಹಾಸಿಗೆ ಎಲ್ಲವನ್ನೂ ಕೊಡವಿದ್ದಾಯಿತು. ಲಿಂಗವಿಡುವ ಬೆಳ್ಳಿಯ ಕರಡಿಗೆ ಎಲ್ಲೂ ಇರಲಿಲ್ಲ.

ಕ್ಯಾಂಪಿನ ಮ್ಯಾನೇಜರ್ ಮಂಜುನಾಥ್ ಉಲ್ಲಾಳದವನು. ಬೆವರುತ್ತಿದ್ದ.

"ನಮ್ಮದು ವರ್ಷಪೂರ್ತಿ ಓಪನ್ ಸಾರ್. ಮಳೆ ಬಂದ್ರೂ ಮುಚ್ಚಲ್ಲ."

"ಹೆಣ ಬಂದ್ರೂ?"

ಅವನು ನೆಲ ನೋಡಿದ.

"ಬೆಳ್ಳಿ ಎಲ್ಲಿಟ್ಟಿದೀಯ?"

"ದೇವರಾಣೆ ನಂಗೊತ್ತಿಲ್ಲ ಸಾರ್. ಕದಿಯೋನು ಚಿನ್ನ ಬಿಟ್ಟು ಬೆಳ್ಳಿ ಯಾಕೆ ಕದೀತಾನೆ?"

ಅದೇ ಪ್ರಶ್ನೆ ವೆಂಕಟಗಿರಿಯವರಲ್ಲೂ ಇತ್ತು. ಕೇಳಿದವನು ಇವನಾದ್ದರಿಂದ ಇಷ್ಟವಾಗಲಿಲ್ಲ.

"ಇನ್ನೇನು ಮುಚ್ಚಿಡ್ತಿದೀಯ?"

ಮಂಜುನಾಥ್ ದೂರದಲ್ಲಿ ನಿಂತಿದ್ದ ಮಹದೇವನನ್ನು ನೋಡಿ ದನಿ ತಗ್ಗಿಸಿದ. "ಆ ಅಣ್ಣನ ಮಗಳು ಹೋದ್ವರ್ಷ ಇಲ್ಲೇ ಮುಳುಗಿದ್ದು ಸಾರ್. ಕರ್ಕೊಂಡು ಬಂದಿದ್ದು ಈ ಚಿಕ್ಕಪ್ಪಾನೇ. ಲೈಫ್ ಜಾಕೆಟ್ ಕೊಟ್ಟಿದ್ವಿ. ಮಗು ಹಟ ಮಾಡಿ ಬಿಚ್ಚಿತು ಅಂತ ಅವರೇ ಸ್ಟೇಟ್‌ಮೆಂಟ್ ಕೊಟ್ರು."

ಮನೆಯವರು ಯಾರೂ ಇದನ್ನು ಹೇಳಿರಲಿಲ್ಲ. ವೆಂಕಟಗಿರಿ ಮಹದೇವನನ್ನು ಮರದ ಕೆಳಗೆ ಕರೆದರು.

"ಮಗಳು ತೀರ್ಕೊಂಡ ಜಾಗಕ್ಕೆ ಕ್ಯಾಂಪಿಂಗ್ ಬಂದಿದ್ರಾ?"

"ವರ್ಷ ತುಂಬಿತು ಸಾರ್. ಜಾಗ ನೋಡ್ಬೇಕು ಅನ್ನಿಸ್ತು. ಟೆಂಟ್ ಬುಕ್ ಮಾಡದೆ ಗೇಟ್ ಒಳಗೆ ಬಿಡಲ್ಲ ಇವರು."

"ತಮ್ಮನ ಮೇಲೆ ಕೋಪ ಇತ್ತಾ?"

"ಮಗಳ ಮೇಲಿತ್ತು," ಎಂದ ಮಹದೇವ.

ಸೋಮವಾರ ಮರಣೋತ್ತರ ಪರೀಕ್ಷೆಯ ವೈದ್ಯರು ಫೋನ್ ಮಾಡಿದರು. ಸಾವು ಭಾನುವಾರ ನಸುಕಿನಲ್ಲಿ. ಶ್ವಾಸಕೋಶದಲ್ಲಿ ಕೆರೆಯ ನೀರು. ಕತ್ತಿನ ಹಿಂದೆ ಬೆರಳೊತ್ತಿ ಕಂದುಗಟ್ಟಿದ ಗುರುತುಗಳು. ಕಮಲಾಕ್ಷಮ್ಮನ ದೂರಿನ ಮೇಲೆ ಕೊಲೆ ಪ್ರಕರಣದ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ. ಮಂಜುನಾಥನನ್ನು ಮತ್ತೆ ಕರೆಸಿ ಕೂರಿಸಿದರು. ಅವನೂ ಅವನ ಕೆಲಸದವರೂ ನಸುಕಿನ ಆ ಹೊತ್ತಿಗೆ ಅಡುಗೆಮನೆಯಲ್ಲಿದ್ದುದನ್ನು ಅಲ್ಲಿದ್ದ ಅತಿಥಿಗಳೇ ಹೇಳಿದರು.

ಶವ ಶವಾಗಾರದಲ್ಲೇ ಉಳಿಯಿತು. ಕಮಲಾಕ್ಷಮ್ಮ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ನೆಂಟರು ಹೊಸ ಲಿಂಗ ತಂದುಕೊಡುತ್ತೇವೆಂದು ಬೇಡಿಕೊಂಡರು. ಆಕೆ ಊಟವನ್ನೂ ಮುಟ್ಟುತ್ತಿಲ್ಲ ಎಂದು ಭುವನೇಶ್ವರಿ ಬಂದು ಹೇಳಿದರು.

ಮಂಗಳವಾರ ಬೆಳಗ್ಗೆ ಮಹದೇವ ತಾಯಿಯನ್ನು ಕರೆದುಕೊಂಡು ಠಾಣೆಗೆ ಬಂದ. ಮೇಜಿನ ಮೇಲೆ ಕರವಸ್ತ್ರ ಬಿಚ್ಚಿದ. ಬೆಳ್ಳಿಯ ಕರಡಿಗೆ, ಅದರ ದಾರ.

"ಕಾರಿನ ಸೀಟಿನ ಕೆಳಗೆ ಸಿಕ್ತು ಸಾರ್. ಶನಿವಾರ ತೆಗೆದಿಟ್ಟು ಮರೆತಿರ್ಬೇಕು."

ವೆಂಕಟಗಿರಿ ಮುಟ್ಟಲಿಲ್ಲ. ಭುವನೇಶ್ವರಿ ಸಾಕ್ಷಿಗೆ ಇಬ್ಬರು ಪಂಚರನ್ನು ಕರೆದರು. "ನಿಮ್ಮ ಮಗಂದೇನಾ, ತೆರೆದು ನೋಡೀಮ್ಮ," ಎಂದರು ಇನ್‌ಸ್ಪೆಕ್ಟರ್.

ಕಮಲಾಕ್ಷಮ್ಮ ಮುಚ್ಚಳ ತಿರುಗಿಸಿದರು. ಲಿಂಗವನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಅವರ ಹೆಬ್ಬೆರಳು ಕರಡಿಗೆಯ ಒಳಗೋಡೆಯ ಮೇಲೆ ನಿಂತಿತು. ಅಲ್ಲಿ ಹಸಿರು ಲೋಳೆ. ದಾರದ ಗಂಟಿನಲ್ಲೂ ಪಾಚಿಯ ಎಳೆ ಸಿಕ್ಕಿಕೊಂಡಿತ್ತು. ಗಂಟು ಬಿಚ್ಚಿರಲಿಲ್ಲ, ತಲೆಯ ಮೇಲಿಂದ ಎತ್ತಿ ತೆಗೆದಿದ್ದರು.

"ಕಾರಲ್ಲಿ ಪಾಚಿ ಎಲ್ಲಿಂದ ಬಂತು?" ಎಂದರು ವೆಂಕಟಗಿರಿ.

ಮಹದೇವ ತಾಯಿಯ ಹೆಬ್ಬೆರಳನ್ನು ನೋಡುತ್ತಿದ್ದ.

"ತೊಳೀಬೇಕು ಅಂತ ಹೊಳೀಲಿಲ್ವಾ?"

"ಅವನ ಲಿಂಗ ನಾನು ತೆರೆದು ತೊಳೆಯೋದಾ ಸಾರ್?"

ಕಮಲಾಕ್ಷಮ್ಮ ಕುರ್ಚಿ ಹುಡುಕಿ ಕುಳಿತರು.

ಒಳಕೋಣೆಯಲ್ಲಿ ಅವನು ಹೇಳಿದ್ದು ಹೆಚ್ಚೇನಿಲ್ಲ. ನಸುಕಿನಲ್ಲಿ ಇಬ್ಬರೂ ಕೆರೆಗೆ ಇಳಿದಿದ್ದರು. ಮಗು ಮುಳುಗಿದ್ದು ಎಲ್ಲಿ ಎಂದು ಚನ್ನವೀರೇಶ್ ಸೊಂಟದುದ್ದ ನೀರಿನಲ್ಲಿ ನಿಂತು ತೋರಿಸಿದ. ತೋರಿಸುತ್ತಾ ಅಳಲು ಶುರುಮಾಡಿದ.

"ಫೋಟೋದಲ್ಲಿ ಜಾಕೆಟ್ ಚೆನ್ನಾಗಿ ಕಾಣಲ್ಲ ಅಂತ ಅವನೇ ಬಿಚ್ಚಿಸಿದ್ದಂತೆ. ನನ್ನ ಮಗಳು ರಕ್ಷಾ ಬಿಚ್ಚಲ್ಲ ಅಂದಳಂತೆ. ಒಂದು ವರ್ಷ ನಾನೂ ನನ್ನ ಹೆಂಡತೀನೂ ಮಗಳನ್ನೇ ಬೈಕೊಂಡ್ವಿ ಸಾರ್. ಹಟಮಾರಿ, ಮಾತು ಕೇಳ್ತಿರಲಿಲ್ಲ, ಅದಕ್ಕೇ ಹೋದಳು ಅಂತ. ಅವಳ ಫೋಟೋಗೆ ಹೂವು ಹಾಕುವಾಗ್ಲೂ ಬೈದಿದೀನಿ."

"ಲಿಂಗ ಯಾಕೆ ತೆಗೆದ್ರಿ?"

"ಅವಳದ್ದು ಆ ಕೆರೆಯಲ್ಲೇ ಹೋಯ್ತು. ಬೇರೆ ತಂದು ಮಣ್ಣು ಮಾಡಿದ್ವಿ. ಇವನದ್ದೂ ಹೋಗೋದು ಬೇಡ ಅನ್ನಿಸ್ತು. ತೆಗೆದ ಮೇಲೆ ಕೊಡೋಕೆ ದಾರಿ ಕಾಣಲಿಲ್ಲ. ಅವ್ವ ಬೆಂಚಿಂದ ಏಳಲಿಲ್ಲ, ಅದಕ್ಕೇ ತಂದ್ಕೊಟ್ಟೆ."

ಹನ್ನೊಂದೂ ಹತ್ತಕ್ಕೆ ಬಂಧನ. ವಶಪಡಿಸಿಕೊಂಡ ಲಿಂಗವನ್ನು ನ್ಯಾಯಾಲಯದ ಅನುಮತಿ ಪಡೆದು ಮಧ್ಯಾಹ್ನವೇ ತಾಯಿಗೆ ಒಪ್ಪಿಸಿದರು. ಸಂಜೆ ಚನ್ನವೀರೇಶನ ಸಂಸ್ಕಾರ ನಡೆಯಿತು.

ಬುಧವಾರ ಮಹದೇವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಮೊದಲು ಕಮಲಾಕ್ಷಮ್ಮ ಬಂದರು. ವೆಂಕಟಗಿರಿ ಭೇಟಿಗೆ ಬಿಟ್ಟರು. ಪೊಲೀಸರೆದುರು ಒಪ್ಪಿಕೊಂಡ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲವೆಂದು ಆಕೆಗೆ ಯಾವುದೋ ವಕೀಲರು ಹೇಳಿಕೊಟ್ಟಿದ್ದರು. ಅದನ್ನು ಆಕೆ ಮುಚ್ಚಿಡಲೂ ಇಲ್ಲ.

"ಮಾದೇವ, ಇಲ್ಲಿ ಕೇಳು. ಅವನು ಮುಳುಗ್ತಿದ್ದ, ನೀನು ಕತ್ತು ಹಿಡಿದು ಎಳೆಯೋಕೆ ಹೋದೆ. ಅಷ್ಟೇ ಹೇಳು ಜಡ್ಜಿಗೆ. ಪಾಚಿ ನಾನು ನೋಡಲಿಲ್ಲ ಅಂತೀನಿ. ನಂಗೆ ಇನ್ನೊಬ್ಬ ಮಗ ಇಲ್ಲಪ್ಪ."

ಭುವನೇಶ್ವರಿ ಇನ್‌ಸ್ಪೆಕ್ಟರರತ್ತ ನೋಡಿದರು. ಅವರು ಕಿಟಕಿಯಾಚೆ ಜೀಪನ್ನು ತಿರುಗಿಸುತ್ತಿದ್ದ ಡ್ರೈವರನನ್ನು ನೋಡುತ್ತಿದ್ದರು.

ಕಂಬಿಯೊಳಗೆ ಚಾಚಿದ ತಾಯಿಯ ಕೈಯನ್ನು ಮಹದೇವ ಹಿಡಿದುಕೊಳ್ಳಲಿಲ್ಲ.

"ಇನ್ನೊಂದು ಸುಳ್ಳು ಹೇಳಲ್ಲ ಅವ್ವ," ಎಂದ.